ಹೆಸರು ಹೇಳುವ ಶನಿವಾರ

ನಾನು ಮುಂಬಯಿಯಲ್ಲಿ ಏನು ಕೆಲಸ ಮಾಡುತ್ತಿದ್ದೆ ಎನ್ನುವುದು ಮೈಸೂರಿನ ನಮ್ಮವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಔಷಧಿ ಅಂಗಡೀಲಾ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು. ಅಲ್ಲ ಎಂದರೆ, "ಹಾಗಾದ್ರೆ ಡಾಕ್ಟರ ಹತ್ರಾನಾ?" ಅದೂ ಅಲ್ಲ ಎಂದರೆ ಅವರ ಆಸಕ್ತಿ ಅಲ್ಲಿಗೆ ಮುಗಿಯುತ್ತಿತ್ತು. ಅಂಗಡಿಗೂ ಡಾಕ್ಟರಿಗೂ ನಡುವೆ ಒಂದು ಉದ್ಯೋಗ ಇರಬಹುದೆಂದು ನಂಬಲು ಅವರು ಸಿದ್ಧರಿರಲಿಲ್ಲ. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಮುಂಬಯಿಯಲ್ಲೂ ಅದನ್ನು ನಂಬುವವರು ಕಡಿಮೆಯೇ.

ಕೆಲಸ ಇಷ್ಟು. ದೊಡ್ಡ ಕಂಪನಿಗಳು ತಮ್ಮ ಕೆಲಸಗಾರರಿಗೂ ಅವರ ಮನೆಯವರಿಗೂ ಔಷಧಿ ಒದಗಿಸುತ್ತಿದ್ದವು. ಯಾವ ಅಂಗಡಿಯಲ್ಲಿ ತೆಗೆದುಕೊಳ್ಳಬೇಕು, ಯಾವ ಮಾತ್ರೆ ನಡೆಯುತ್ತದೆ, ಟಾನಿಕ್ ಔಷಧಿಯೋ ಶೋಕಿಯೋ, ಇದನ್ನೆಲ್ಲ ಗೊತ್ತುಮಾಡುವ ತಲೆನೋವನ್ನು ನಮ್ಮಂಥ ಒಂದು ಸಣ್ಣ ಆಫೀಸಿಗೆ ವಹಿಸುತ್ತಿದ್ದವು. ನಾವು ಸಲಹೆಗಾರರು, ಅವರು ನಮ್ಮ ಪಾರ್ಟಿಗಳು. ಒಬ್ಬೊಬ್ಬರ ಕೈಗೂ ಕೆಲವು ಪಾರ್ಟಿಗಳನ್ನು ಕೊಟ್ಟಿರುತ್ತಿದ್ದರು. ಪಾರ್ಟಿ ಮುನಿಸಿಕೊಂಡರೆ ರಮಿಸಬೇಕು, ವರ್ಷ ತುಂಬಿದಾಗ ಮತ್ತೆ ಒಪ್ಪಿಸಬೇಕು. ನನ್ನ ಪಾಲಿಗೆ ಬಂದದ್ದರಲ್ಲಿ ದೊಡ್ಡದು ಸಾಂತಾಕ್ರೂಜ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲು. ಅದರ ಅಡುಗೆಮನೆ, ಬೇಕರಿ, ಲಾಂಡ್ರಿ, ಎಲ್ಲಿ ನೋಡಿದರೂ ಉಡುಪಿ-ಮಂಗಳೂರು ಕಡೆಯ ಗಂಡಸರು. "ಸಬ್ ಸೌತ್ ಕಾ ಹೀ ತೋ ಹೈ" ಎಂದು, ದಕ್ಷಿಣದವರೆಲ್ಲ ಒಂದೇ ಎನ್ನುವಂತೆ, ನಮ್ಮ ಆಫೀಸಿನ ಗುಜರಾತಿ ಸಾಹೇಬರು ಅದನ್ನು ನನ್ನ ತಲೆಗೆ ಕಟ್ಟಿದರು. ನನ್ನ ಮೈಸೂರು ಕನ್ನಡಕ್ಕೂ ಆ ಜನರ ತುಳುವಿಗೂ ಇರುವ ದೂರವನ್ನು ಅವರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಹೋಟೆಲಿನ ಪರ್ಸನೆಲ್ ಆಫೀಸರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಕೆಟ್ಟ ಮನುಷ್ಯರಲ್ಲ. ಆದರೆ ಜಗತ್ತಿನಲ್ಲಿರುವ ಎಲ್ಲ ಗಲಿಬಿಲಿಗೂ ಒಂದು ನಿಯಮ ಸಾಕು ಎಂದು ನಂಬಿದ್ದರು. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇದ್ದವರಿಗೆ ತಿಂಗಳು ತಿಂಗಳೂ ಔಷಧಿ ಸಿಗಲೆಂದು ನಾವು ಒಂದು ಕಾರ್ಡು ಮಾಡಿಕೊಟ್ಟಿದ್ದೆವು. ಅದರಲ್ಲಿ ಫೋಟೋ ಇರಲಿಲ್ಲ. ಕಾರ್ಡುಗಳು ಕೆಲಸಗಾರರು ವಾಸವಿದ್ದ ಚಾಳಿನಲ್ಲಿ ಕೈಯಿಂದ ಕೈಗೆ ಓಡಾಡತೊಡಗಿದವು. ಒಬ್ಬನ ಕಾರ್ಡಿನ ಮೇಲೆ ಇಡೀ ಮಹಡಿ ಟಾನಿಕ್ ಕುಡಿಯಿತು. ಆಫೀಸರಿಗೆ ಗೊತ್ತಾಯಿತು. ಕೂಡಲೇ ನಿಯಮ ಬಂತು: ಪ್ರತಿ ತಿಂಗಳೂ ಒಂದು ಶನಿವಾರ ಸ್ಟಾಫ್ ಕ್ಯಾಂಟೀನಿನಲ್ಲಿ ಮೇಜು ಹಾಕಬೇಕು, ಔಷಧಿ ಬೇಕಾದವರು ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಅದು ಯಾರದೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಸರಿಯಿದ್ದರೆ ನಾನು ಮುದ್ರೆ ಒತ್ತಿ ಅಲ್ಲೇ ಔಷಧಿ ಕೊಡಬೇಕು. ಕಾವಲು ಕಾಯುವ ಸಿಪಾಯಿ ಗುಟ್ಟಿನ ಮಾತು ಕೇಳಿ ಒಳಗೆ ಬಿಡುತ್ತಾನಲ್ಲ, ಹಾಗೆ. ಪಾರ್ಟಿಯ ಇಷ್ಟವೇ ನಮ್ಮ ಇಷ್ಟ ಎಂದು ಸಾಹೇಬರು ಒಪ್ಪಿದರು.

ಗಂಡಸರು ಪಾಳಿಯ ಮೇಲಿರುತ್ತಾರೆ, ಬರುವವರು ಹೆಂಡಂದಿರು ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಮೊದಲ ಶನಿವಾರವೇ ಸಾಲು ನಿಂತುಹೋಯಿತು. "ನಾಮ್ ಬೋಲೋ, ಬಾಯಿ" ಎಂದು ಆಫೀಸರು ಕೇಳಿದರೆ ಮುಂದಿದ್ದ ಹೆಂಗಸು ಸೆರಗು ಬಾಯಿಗೆ ಹಿಡಿದು ನೆಲ ನೋಡಿದಳು. ಅವಳ ಹಿಂದಿನವಳೂ ಅಷ್ಟೇ. "ಇವಳಿಗೆ ಗಂಡನ ಹೆಸರೇ ಗೊತ್ತಿಲ್ಲವೇ?" ಎಂದು ಅವರು ಹಿಂದಿಯಲ್ಲಿ ನನ್ನನ್ನು ಕೇಳಿದರು. ಗೊತ್ತಿದೆ, ಹೇಳುವುದಿಲ್ಲ ಎಂದೆ. ಯಾಕೆ? ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅವರು ಜೋರಾಗಿ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ.

ನಾನು ನಗುವುದಕ್ಕೆ ಕಾರಣವಿತ್ತು. ನಾನು ಮದುವೆಯಾದದ್ದು ಕಾಲೇಜಿನ ಸಹಪಾಠಿಯನ್ನು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆದವನನ್ನು ತಾಳಿ ಕಟ್ಟಿದ ಮರುದಿನದಿಂದ "ಏನೂಂದ್ರೆ" ಎನ್ನಲು ನನ್ನಿಂದಾಗಲಿಲ್ಲ. ಚೆಂಬೂರಿನ ನಮ್ಮ ಕಾಲೊನಿಯಲ್ಲಿ ಎರಡನೇ ಮಹಡಿಯ ಬಾಲ್ಕನಿಯಿಂದ, ಕೆಳಗೆ ಸ್ಕೂಟರು ಒರೆಸುತ್ತಿದ್ದ ಗಂಡನನ್ನು ಹೆಸರೆತ್ತಿ ಕೂಗುತ್ತಿದ್ದೆ. ಅಕ್ಕಪಕ್ಕದ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುತ್ತಿದ್ದವು. ಅತ್ತೆಯವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ದೇವರ ಮನೆಗೆ ಹೋಗಿ ಇನ್ನೊಂದು ದೀಪ ಹಚ್ಚುತ್ತಿದ್ದರು. ಮಗನ ಆಯುಸ್ಸಿಗೆ ನಾನು ಹಾಕಿದ ಕತ್ತರಿಯನ್ನು ಅವರು ಎಣ್ಣೆಬತ್ತಿಯಿಂದ ಸರಿದೂಗಿಸುತ್ತಿದ್ದರು.

ಹೆಂಗಸರು ಸೋಲುವವರಲ್ಲ. ಮುಂದಿನ ತಿಂಗಳು ಒಬ್ಬಳು ಕ್ಯಾಂಟೀನಿನ ಗೋಡೆಯ ಕ್ಯಾಲೆಂಡರಿನ ದೇವರನ್ನು ತೋರಿಸಿ "ಇವರ ಹೆಸರೇ" ಎಂದಳು. ಆ ದೇವರಿಗೆ ಸಾವಿರ ಹೆಸರು, ಆಫೀಸರು ಒಪ್ಪಲಿಲ್ಲ. ಇನ್ನೊಬ್ಬಳು ವಿಮಾನ ಬರುವವರೆಗೆ ಕಾದಳು. ಆ ಕ್ಯಾಂಟೀನಿನ ಮಾಡಿನ ಮೇಲಿಂದಲೇ ಹಾದು ವಿಮಾನಗಳು ಇಳಿಯುತ್ತಿದ್ದವು, ಬಂದಾಗ ಲೋಟಗಳು ಅದುರುತ್ತಿದ್ದವು, ಮಾತು ನಿಲ್ಲುತ್ತಿತ್ತು. ಆ ಸದ್ದಿನ ಮರೆಯಲ್ಲಿ ಹೆಸರು ಹೇಳಿಬಿಟ್ಟರೆ ವಿಧಿಗೆ ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ. ವಿಧಿಗೂ ಕೇಳಿಸಲಿಲ್ಲ, ನಮಗೂ ಕೇಳಿಸಲಿಲ್ಲ.

ಕೊನೆಗೆ ಉಪಾಯ ಕಂಡುಹಿಡಿದವರು ಇಬ್ಬರು ಗೆಳತಿಯರು. ಒಬ್ಬಳು ಎತ್ತರದಾಕೆ, ಗಂಡ ಬೇಕರಿಯಲ್ಲಿ, ಅವನಿಗೆ ಹೃದಯದ ಕಾಯಿಲೆ. ಇನ್ನೊಬ್ಬಳು ಕನ್ನಡಕದಾಕೆ, ಗಂಡ ಲಾಂಡ್ರಿಯಲ್ಲಿ, ಅವನಿಗೆ ಸಕ್ಕರೆ ಕಾಯಿಲೆ. ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಇಬ್ಬರೂ ಒಟ್ಟಿಗೆ ಮೇಜಿನ ಮುಂದೆ ಬಂದು ನಿಂತರು. ಎತ್ತರದಾಕೆ ಕನ್ನಡಕದಾಕೆಯ ಗಂಡನ ಹೆಸರನ್ನು ಊರು, ಮನೆತನ ಸಹಿತ ಗಟ್ಟಿಯಾಗಿ ಹೇಳಿದಳು. ಕನ್ನಡಕದಾಕೆ ಎತ್ತರದಾಕೆಯ ಗಂಡನ ಹೆಸರನ್ನು ಹೇಳಿದಳು. ಯಾರ ಗಂಡನ ಆಯುಸ್ಸಿಗೂ ಕುತ್ತಿಲ್ಲ. ಆದರೂ ನಿಯಮ ನಿಯಮವೇ ಎಂದು ನಾನು ಪ್ರತಿ ಸಲವೂ ಆ ಹೆಸರಿನವನ ಹೆಂಡತಿಯ ಕಡೆ ತಿರುಗಿ "ಸರಿಯಾ?" ಎಂದು ಕೇಳಿದೆ. ಅವಳು ಸಣ್ಣಗೆ ನಾಚಿ, "ಹೌದು, ಅವ್ರೇ" ಎಂದಳು. ಆಫೀಸರು ತಲೆ ಆಡಿಸಿದರು. ನಾನು ಮುದ್ರೆ ಒತ್ತಿದೆ.

ಅಲ್ಲಿಂದ ಮುಂದೆ ಎಲ್ಲರೂ ಜೋಡಿ ಜೋಡಿಯಾಗಿಯೇ ಬರತೊಡಗಿದರು. ಆ ಶನಿವಾರಗಳು ನನಗೆ ಇಷ್ಟವಾಗತೊಡಗಿದವು. ಪರರ ಗಂಡಂದಿರ ಹೆಸರುಗಳನ್ನು ಹೆಂಗಸರು ಎಷ್ಟು ಹುರುಪಿನಿಂದ ಹೇಳುತ್ತಿದ್ದರೆಂದರೆ, ಕೇಳಿದವರು ಹೊಟ್ಟೆಕಿಚ್ಚು ಪಡಬೇಕು! ಆದರೆ ಯಾರೂ ಜೊತೆ ಬದಲಿಸುತ್ತಿರಲಿಲ್ಲ. ಒಮ್ಮೆ ಕನ್ನಡಕದಾಕೆ ತಡವಾದಾಗ, ಬೇರೆ ಯಾರಾದರೂ ಹೇಳಬಹುದಲ್ಲ ಎಂದೆ. ಎತ್ತರದಾಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಂತ ಅಕ್ಕ ನೀವು! ಯಾರ್ಯಾರ ಬಾಯಲ್ಲೋ ಹೇಳಿಸ್ಲಿಕ್ಕೆ ಆಗ್ತದಾ? ಅವಳಾದ್ರೆ ಅವ್ರಿಗೆ ಒಳ್ಳೇದಾಗ್ಲಿ ಅಂತ್ಲೇ ಹೇಳುದು." ಇದು ಬರೀ ಉಪಾಯವಲ್ಲ, ಅವಳು ಗಂಡನನ್ನು ಗೆಳತಿಯ ನಾಲಿಗೆಯ ಮೇಲೆ ನಂಬಿಕೆಯಿಂದ ಇಟ್ಟಿದ್ದಾಳೆ ಎಂದು ನನಗೆ ಅಂದು ತಿಳಿಯಿತು.

ಎರಡು ವರ್ಷ ಹೀಗೆ ನಡೆದಿರಬೇಕು. ಆಮೇಲೆ ಅವರಿಬ್ಬರಿಗೂ ಜಗಳವಾಯಿತು. ಕಾರಣ ಕೇಳಿದರೆ ನಗು ಬರುತ್ತದೆ. ಚಾಳಿನ ತಾರಸಿಯಲ್ಲಿ ಕನ್ನಡಕದಾಕೆ ಹಪ್ಪಳ ಒಣಗಿಸಿದ್ದಳು. ಎತ್ತರದಾಕೆ ಮೇಲಿನ ಹಗ್ಗಕ್ಕೆ ಒದ್ದೆ ಸೀರೆ ಹರವಿದಳು. ಸೀರೆಯ ನೀರು ಹಪ್ಪಳದ ಮೇಲೆ ತೊಟ್ಟಿಕ್ಕಿತು. ಮಾತಿಗೆ ಮಾತು ಬೆಳೆಯಿತು. ಹಪ್ಪಳ ಹೋಗಲಿ, ಊರಿನ ಹಳೆಯ ಸಂಗತಿಗಳೆಲ್ಲ ತಾರಸಿಗೆ ಬಂದವಂತೆ. ಒಂದು ಗೋಡೆಯ ಆಚೆ ಈಚೆ ಇದ್ದವರು ಮಾತು ಬಿಟ್ಟರು. ಅದೇ ದಿನಗಳಲ್ಲಿ ಎತ್ತರದಾಕೆಯ ಗಂಡ ಎದೆನೋವೆಂದು ರಜೆ ಹಾಕಿ ಮಲಗಿದ್ದ. ಮನೆಯಲ್ಲಿ ಮಾತ್ರೆ ಮುಗಿಯುತ್ತ ಬಂದಿತ್ತು. ಕೈಯಿಂದ ದುಡ್ಡು ಹಾಕಿ ಕೊಂಡು ತರುವಷ್ಟು ಅಗ್ಗದ ಮಾತ್ರೆಗಳಲ್ಲ ಅವು.

ಆ ಶನಿವಾರ ಎತ್ತರದಾಕೆ ಒಬ್ಬಳೇ ಬಂದು ಕಾರ್ಡು ಮಗುಚಿ ಇಟ್ಟಳು. ಅವಳ ಹಿಂದೆ, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಕನ್ನಡಕದಾಕೆ ನಿಂತಿದ್ದಳು. ಮುಖ ಕಿಟಕಿಯ ಕಡೆಗಿತ್ತು.

"ನಾಮ್?" ಎಂದರು ಆಫೀಸರು.

ಎತ್ತರದಾಕೆ ತಿರುಗಿ ನೋಡಲಿಲ್ಲ. ಆದರೆ ಕಾದಳು. ಹಿಂದಿನಿಂದ ಆ ಹೆಸರು ಬರುತ್ತದೆ ಎಂದು ಅವಳ ಬೆನ್ನು ಕಾಯುತ್ತಿದ್ದುದು ನನಗೆ ಕಾಣುತ್ತಿತ್ತು. ಬರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. "ಇವರು ಯಾರೆಂದು ನಮಗೆಲ್ಲ ಗೊತ್ತು, ನಾನು ಕಾರ್ಡು ನೋಡಿ ಓದುತ್ತೇನೆ, ಇವರು ಹೌದು ಎನ್ನಲಿ" ಎಂದು ಆಫೀಸರಿಗೆ ಹೇಳಿದೆ. ಅವರು ಕಾರ್ಡಿನ ಮೇಲೆ ಬೆರಳಿಟ್ಟರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು ಎಂದರು.

ಅಷ್ಟರಲ್ಲಿ ವಿಮಾನ ಬಂತು. ಲೋಟಗಳು ಅದುರಿದವು. ಎತ್ತರದಾಕೆ ಕಣ್ಣು ಮುಚ್ಚಿದಳು. ಅವಳ ತುಟಿ ಅಲುಗಿತು. ನಾನು ಎದುರಿಗೇ ಕೂತವಳು, ತುಟಿಯಲ್ಲೇ ಹೆಸರನ್ನು ಓದಿದೆ. ವಿಮಾನ ದಾಟಿದ ಕೂಡಲೇ "ಹೇಳಿದರು, ನನಗೆ ಕೇಳಿಸಿತು" ಎಂದು ಮುದ್ರೆಗೆ ಕೈ ಹಾಕಿದೆ.

"ಆಪ್ ಕೋ ಸುನಾಯಿ ದಿಯಾ," ಎಂದರು ಆಫೀಸರು. "ಮುಝೇ ನಹೀಂ. ಫಿರ್ ಸೇ." ತಮಗೆ ಕೇಳಿಸಿಲ್ಲ, ಮತ್ತೆ ಹೇಳಬೇಕಂತೆ.

ಅವಳು ನನ್ನನ್ನು ನೋಡಿದಳು. ಹೆಸರು ಹೇಳದಿದ್ದರೆ ಮಾತ್ರೆಯಿಲ್ಲ, ಮಾತ್ರೆಯಿಲ್ಲದಿದ್ದರೆ ಗಂಡನಿಲ್ಲ, ಹೇಳಿದರೂ ಗಂಡನಿಲ್ಲ. ಅವಳ ಲೆಕ್ಕದಲ್ಲಿ ಎರಡು ಬಾಗಿಲಿನ ಹಿಂದೆಯೂ ಒಂದೇ ಇತ್ತು. ಅವಳು ಹೇಳಿದಳು. ಮದುವೆಯಾದ ಮೇಲೆ ಒಮ್ಮೆಯೂ ಬಾಯಿಗೆ ತಾರದ ಹೆಸರನ್ನು, ಒಂದೊಂದೇ ಅಕ್ಷರವಾಗಿ, ಮಗುವೊಂದು ಓದಲು ಕಲಿಯುವಂತೆ ಹೇಳಿದಳು. ಅಷ್ಟು ಮೆಲ್ಲಗಿನ ದನಿ ಮೂಲೆಯ ಚಹಾ ಪಾತ್ರೆಯವರೆಗೂ ಕೇಳಿಸಿತು. ನಾನು ಮುದ್ರೆ ಒತ್ತಿದೆ. ಅವಳು ಮಾತ್ರೆಯ ಪೊಟ್ಟಣ ತೆಗೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೋದಳು. ಕನ್ನಡಕದಾಕೆ ಮೇಜಿನ ಹತ್ತಿರ ಬರದೆ, ಕಾರ್ಡು ಹಿಡಿದುಕೊಂಡೇ ಹಿಂದಿರುಗಿದಳು.

ಮುಂದಿನ ವಾರ ಹೋಟೆಲಿನಿಂದ ಫೋನು ಬಂತು. ಒಂದು ಕಾರ್ಡು ಮುಚ್ಚಬೇಕು ಎಂದರು. ಯಾರದೆಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ನಾನು ಬುದ್ಧಿಯಿರುವವಳು. ಆ ಮನುಷ್ಯನ ಹೃದಯದ ಸ್ಥಿತಿ ನನಗೆ ತಿಳಿದಿತ್ತು. ಅವನ ಔಷಧಿಯನ್ನು ಡಾಕ್ಟರು ಏರಿಸುತ್ತ ಬಂದದ್ದನ್ನು ನೋಡಿದ್ದೆ. ಮಾತ್ರೆ ಕೊಟ್ಟಿದ್ದೆವು, ಅವನು ನುಂಗಿದ್ದ, ಆದರೂ ಹೋದ. ಹೆಸರಿಗೂ ಸಾವಿಗೂ ಏನು ಸಂಬಂಧ? ಹಗಲಲ್ಲಿ ಆಫೀಸಿನಲ್ಲಿ ಕೂತು ಹೀಗೆಲ್ಲ ಹೇಳಿಕೊಳ್ಳುತ್ತಿದ್ದೆ. ಆದರೆ ಅವನ ಹೆಸರು ಮುಂಬಯಿಯಲ್ಲಿ ಬೀದಿಗೆ ಹತ್ತು ಸಿಗುವ ಹೆಸರು. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಯಾರೋ ಯಾರನ್ನೋ ಹಾಗೆ ಕೂಗುತ್ತಿದ್ದರು. ಲೋಕಲ್ ರೈಲಿನ ಕಿಟಕಿಯಿಂದ ನೋಡಿದರೆ ಅಂಗಡಿಯೊಂದರ ಬೋರ್ಡಿನಲ್ಲಿ ಅದೇ. ನಮ್ಮ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳುವವನ ಹೆಸರೂ ಅದೇ ಆಗಿತ್ತು. ಅವನನ್ನು ನಾನು "ಭಾಯಿ" ಎನ್ನತೊಡಗಿದೆ. ಎಲ್ಲಿ ಕೇಳಿದರೂ ಆ ಹೆಸರು ಒಂದೊಂದೇ ಅಕ್ಷರವಾಗಿ, ಅವಳ ದನಿಯಲ್ಲೇ ಕೇಳಿಸುತ್ತಿತ್ತು. ಭಯವಾಗುತ್ತಿತ್ತು. ಬೇರೆ ಮಾತು ಹುಡುಕಿ ಪ್ರಯೋಜನವಿಲ್ಲ, ಭಯವೇ.

ಒಂದು ಸಂಜೆ ಕಾಲೊನಿಯ ಬಾಲ್ಕನಿಯಲ್ಲಿ ನಿಂತು, ಕೆಳಗೆ ಸ್ಕೂಟರು ನಿಲ್ಲಿಸುತ್ತಿದ್ದ ಗಂಡನನ್ನು ಕೂಗಲು ಬಾಯಿ ತೆರೆದೆ. ಹೆಸರು ನಾಲಿಗೆಯವರೆಗೆ ಬಂದು ನಿಂತಿತು. ಮುಂದೆ ಬರಲಿಲ್ಲ. "ರೀ" ಎಂದೆ. ಅವರು ಮೇಲೆ ನೋಡಲೇ ಇಲ್ಲ. ತಮ್ಮನ್ನು ಕರೆದದ್ದೆಂದು ಅವರಿಗೆ ಗೊತ್ತಾಗಲಿಲ್ಲ. ಮತ್ತೆ "ರೀ, ನಿಮ್ಮನ್ನೇ" ಎಂದೆ. "ಏನಾಯ್ತೇ ನಿಂಗೆ?" ಎಂದು ಅವರು ನಗುತ್ತ ಮೆಟ್ಟಿಲು ಹತ್ತಿ ಬಂದರು. ಒಳಗಿನಿಂದ ಅತ್ತೆಯವರು, "ಅಂತೂ ಬುದ್ಧಿ ಬಂತಲ್ಲ" ಎಂದರು. ಅವರ ದನಿಯಲ್ಲಿದ್ದ ನೆಮ್ಮದಿ ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಅಂದಿನಿಂದ ನಾನು ಅವರನ್ನು ಹೆಸರು ಹಿಡಿದು ಕರೆದಿಲ್ಲ. ಇಲ್ಲಿ ಬರೆಯಲೂ ಕೈ ಬರುವುದಿಲ್ಲ, ಅವರದೂ, ಆ ಬೇಕರಿಯವನದೂ.

ಆ ತಿಂಗಳು ತರಕಾರಿಗೆಂದು ಮಾಟುಂಗಕ್ಕೆ ಹೋದಾಗ ದೇವಸ್ಥಾನದ ಹೊರಗೆ ಕನ್ನಡಕದಾಕೆ ಸಿಕ್ಕಳು. ಕೈಯಲ್ಲಿ ಹೂವಿನ ಪೊಟ್ಟಣವಿತ್ತು, ಒಳಗೆ ಹೋಗದೆ ಚಪ್ಪಲಿಗಳ ಹತ್ತಿರವೇ ನಿಂತಿದ್ದಳು. ನಾನು ಕೇಳದೆಯೇ ಮಾತಾಡತೊಡಗಿದಳು.

"ನಾನು ಹಿಂದೆಯೇ ನಿಂತಿದ್ದೆ ಅಕ್ಕ. ಬಾಯಲ್ಲೇ ಇತ್ತು ಅವ್ರ ಹೆಸರು. ಅವಳು ಒಂದು ಸರ್ತಿ ತಿರುಗಿ ನೋಡಿದ್ರೆ ಹೇಳಿಬಿಡ್ತಿದ್ದೆ. ನೋಡ್ಲಿ ಅಂತ ಕಾದದ್ದು."

ಅವರ ಹೃದಯ ಮೊದಲೇ ದುರ್ಬಲವಾಗಿತ್ತು, ಡಾಕ್ಟರು ಕೈಬಿಟ್ಟ ಹಾಗೇ ಇತ್ತು ಎಂದೆ.

"ನಿಮ್ಗೆ ಮಾತ್ರೆದ್ದು ಗೊತ್ತುಂಟು," ಎಂದಳು. "ಇದು ಬೇರೆ. ಗೋಡೆ ಆಚೆ ಅವಳು ಏಳುದು, ಕೂರುದು, ಪಾತ್ರೆ ಇಡುದು ಎಲ್ಲ ಕೇಳ್ತದೆ. ಅಳುದು ಮಾತ್ರ ಕೇಳುದಿಲ್ಲ. ಅತ್ತಿದ್ರೆ ಹೋಗ್ತಿದ್ದೆ."

ಅವಳು ಹೂವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಸ್ಟೇಷನ್ನಿನ ಕಡೆ ನಡೆದಳು.

ಮತ್ತೆ ಹೆಸರು ಹೇಳುವ ಶನಿವಾರ ಬಂತು. ನಾನು ಸಾಹೇಬರ ಹತ್ತಿರ ಆ ನಿಯಮ ಬೇಡವೆಂದು ಜಗಳವಾಡಿ ಸೋತಿದ್ದೆ. ಪಾರ್ಟಿ ತಾನಾಗಿ ಕೈಬಿಡಬೇಕು, ನಾವು ಹೇಳಬಾರದು ಎಂದಿದ್ದರು. ಆಫೀಸರು ಬಂದಿದ್ದರು. ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂತಿದ್ದರು. ಹೆಂಗಸರು ಜೋಡಿ ಜೋಡಿಯಾಗಿ ಬಂದು ಹೆಸರು ಹೇಳಿ ಹೋದರು. ಹುರುಪು ಇರಲಿಲ್ಲ, ದನಿಗಳು ತಗ್ಗಿದ್ದವು. ಕೊನೆಯಲ್ಲಿ ಕನ್ನಡಕದಾಕೆ ಒಬ್ಬಳೇ ಬಂದು ಕಾರ್ಡನ್ನು ಮಗುಚಿ ಇಟ್ಟು ನಿಂತಳು. ಅವಳ ಗಂಡನ ಹೆಸರು ಹೇಳುವವರು ಯಾರೂ ಇರಲಿಲ್ಲ.

"ರೆಹನೇ ದೋ," ಎಂದರು ಆಫೀಸರು, ಮೇಜಿನ ಅಂಚನ್ನು ನೋಡುತ್ತ. "ನಾಮ್ ನಹೀಂ ಚಾಹಿಯೇ. ದೇ ದೋ." ಹೆಸರು ಬೇಡವಂತೆ, ಸುಮ್ಮನೆ ಕೊಟ್ಟುಬಿಡಬೇಕಂತೆ! ಒಂದು ತಿಂಗಳು ಮೊದಲು ಹೇಳಬಾರದಿತ್ತೇ ಎಂದು ನನಗೆ ಕೂಗಬೇಕೆನಿಸಿತು. ಕೂಗದೆ ಮುದ್ರೆಗೆ ಕೈಹಾಕಿದೆ.

"ಬೇಡ ಅಕ್ಕ, ನಿಲ್ಲಿ. ಅದು ನನ್ನ ಕೆಲಸ."

ಬಾಗಿಲಲ್ಲಿ ಎತ್ತರದಾಕೆ ನಿಂತಿದ್ದಳು. ಹಣೆ ಬರಿದಾಗಿತ್ತು. ಗಂಡನ ಕಾರ್ಡನ್ನು ಹಿಂದಿರುಗಿಸಲು ಬಂದಿದ್ದಳು. ನೇರವಾಗಿ ಬಂದು ಕನ್ನಡಕದಾಕೆಯ ಪಕ್ಕದಲ್ಲಿ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಲಾಂಡ್ರಿಯವನ ಹೆಸರನ್ನು ಊರು, ಮನೆತನ ಸಹಿತ ಹಿಂದಿನಷ್ಟೇ ಗಟ್ಟಿಯಾಗಿ ಹೇಳಿದಳು. ಕನ್ನಡಕದಾಕೆ ಅವಳ ಕಡೆ ತಿರುಗಿದಳು. ನಾನು ಕೇಳದೆಯೇ "ಹೌದು, ಅವ್ರೇ" ಎಂದಳು. ನಾನು ಮುದ್ರೆ ಒತ್ತಿದೆ.

ಎತ್ತರದಾಕೆ ತನ್ನ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

"ಇನ್ನು ನಂದು ಹೇಳು," ಎಂದಳು.

"ಎಂತ ಹೇಳುದು ಮಾರಾಯ್ತಿ," ಎಂದಳು ಕನ್ನಡಕದಾಕೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು. "ನಾನು ಯಾವ ಬಾಯಲ್ಲಿ ಹೇಳುದು?"

"ಯಾವಾಗ್ಲೂ ಹೇಳ್ತಿದ್ದ ಬಾಯಲ್ಲೇ. ನಾನು ಹೇಳಿದ್ದು ಸರಿಯಾಗ್ಲಿಲ್ಲ. ನಡುಗಿ ನಡುಗಿ ಹೇಳಿದೆ, ಅವ್ರನ್ನು ಯಾರೋ ಬೈದು ಕರೆದ ಹಾಗೆ ಆಯ್ತು. ಕಡೇದು ಅದೇ ಆಗ್ಬಾರ್ದು. ನೀನು ಚಂದ ಮಾಡಿ ಹೇಳ್ತಿದ್ದೆ, ಒಂದು ಸರ್ತಿ ಹೇಳು."

ಅದೇ ಹೊತ್ತಿಗೆ ವಿಮಾನ ಬಂತು. ಲೋಟಗಳು ಅದುರಿದವು. ಕನ್ನಡಕದಾಕೆ ಆ ಸದ್ದಿನ ಮರೆಯಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಸದ್ದು ಪೂರ್ತಿ ದೂರವಾಗುವವರೆಗೆ ಗೆಳತಿಯ ಕೈ ಹಿಡಿದುಕೊಂಡು ಕಾದಳು. ಆಮೇಲೆ ತಲೆ ಎತ್ತಿ, ಬೇಕರಿಯವನ ಹೆಸರನ್ನು ಊರಿನ ಸಹಿತ, ಮನೆತನದ ಸಹಿತ, ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಹೇಳಿದಳು. ಆಫೀಸರು ಎದ್ದು ನಿಂತರು.

ನಾನು ಏನು ಮಾಡಬೇಕೆಂದು ತಿಳಿಯದೆ ಎತ್ತರದಾಕೆಯ ಕಡೆ ತಿರುಗಿದೆ. ನನ್ನ ಬಾಯಿ ರೂಢಿಯಂತೆ ಕೇಳಿತು. "ಸರಿಯಾ?"

"ಹೌದು," ಎಂದಳು, "ಅವ್ರೇ."